ಒಂಬತ್ತು ಬತ್ತಿಯ ಚಳಿ

ಅಚ್ಚುತನ ಬಗ್ಗೆ ಬರೆಯಲು ನಾನು ಚಪ್ಪಲಿ ಕಳಚಿಟ್ಟು ಕುಳಿತಿದ್ದೇನೆ. ನಗಬೇಡಿ. ಪುತ್ತೂರಿನ ಮೇ ತಿಂಗಳಲ್ಲಿ ಚಳಿ ಹುಟ್ಟಿಸಿದ ಮನುಷ್ಯನ ವಿಷಯವನ್ನು ಕಾಲ ಮೇಲೆ ಕಾಲು ಹಾಕಿಕೊಂಡು ಬರೆಯುವ ಧೈರ್ಯ ನನಗಿಲ್ಲ. ನೀವೂ ಓದುವಾಗ ಸ್ವಲ್ಪ ನೆಟ್ಟಗೆ ಕುಳಿತರೆ ಒಳ್ಳೆಯದು.

ನನ್ನ ಹೆಸರು ಸೀನ. ಹೇಮಂತ ಸಭಾಭವನದ ಕೆಳಗಿನ ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ, ಜೊತೆಗೆ ಮದುವೆ ಕಾಗದ ಅಚ್ಚು ಹಾಕಿಸಿಕೊಡುವ ವ್ಯಾಪಾರ. ಮೇಲಿನ ಮಹಡಿಯೇ ಸಭಾಭವನ. ಅದನ್ನು ಕಟ್ಟಿಸಿದ ವಿಷ್ಣುಪ್ರಸಾದರಿಗೆ ಇಡೀ ಹಾಲ್‌ಗೆ ಒಂದೇ ಎಸಿ ಕೂರಿಸಬೇಕೆಂಬ ಹಟ. ಕೂರಿಸಿದರು. ತಾರಸಿಯ ಮೇಲೆ ಲಾರಿಯಷ್ಟು ದೊಡ್ಡ ಮೆಷಿನ್, ಸೀಲಿಂಗಿನ ಒಳಗೆ ಮನುಷ್ಯ ತೆವಳಿ ಹೋಗಬಹುದಾದ ತಗಡಿನ ಕೊಳವೆ, ವೇದಿಕೆಯ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಒಂದು ಬಿಳಿ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಹಸಿರು ಬೆಳಕಿನ ಒಂದು ಅಂಕೆ, ಕೆಳಗೆ ಎರಡು ಗುಂಡಿ. ಬಂದವರಿಗೆ ಮೆಷಿನ್ ಕಾಣುವುದಿಲ್ಲ, ಕೊಳವೆ ಕಾಣುವುದಿಲ್ಲ, ಪೆಟ್ಟಿಗೆ ಮಾತ್ರ ಕಾಣುತ್ತದೆ. ಹಾಗಾಗಿ ಜನರ ಪಾಲಿಗೆ ಎಸಿ ಅಂದರೆ ಆ ಪೆಟ್ಟಿಗೆಯೇ.

ಇಂಥ ಎಸಿಯನ್ನು ನೋಡಿಕೊಳ್ಳಲು ಅನುಭವ ಇರುವವರು ಬೇಕೆಂದು ವಿಷ್ಣುಪ್ರಸಾದರು ಬೋರ್ಡ್ ಹಾಕಿದರು. ಬೋರ್ಡಿನ ಜೆರಾಕ್ಸ್ ತೆಗೆದವನು ನಾನೇ. ಎರಡನೇ ದಿನ ಸುಳ್ಯದಿಂದ ಅಚ್ಚುತ ಬಂದ. ಐವತ್ತನಾಲ್ಕು ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಯಾರ ಎದುರೂ ಅರ್ಧ ಬಗ್ಗಿಯೇ ನಿಲ್ಲುವ ಬೆನ್ನು.

"ಅನುಭವ ಉಂಟಾ?" ಎಂದು ಧನಿಗಳು, ಅಂದರೆ ನಮ್ಮ ವಿಷ್ಣುಪ್ರಸಾದರು, ಕೇಳಿದರು.

"ಎಸಿಯಲ್ಲಿ ಹನ್ನೆರಡು ವರ್ಷ ಇದ್ದೆ ಧನಿಗಳೇ" ಎಂದ ಅಚ್ಚುತ.

ಅಷ್ಟು ಹೊತ್ತಿಗೆ ಧನಿಗಳಿಗೆ ಫೋನ್ ಬಂತು. ಕೈಸನ್ನೆಯಲ್ಲೇ ಕೆಲಸ ಕೊಟ್ಟುಬಿಟ್ಟರು. ಅವನು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಸುಳ್ಯದ ಒಂದು ಎಟಿಎಂ ಕೋಣೆಯಲ್ಲಿ ಅವನು ಹನ್ನೆರಡು ವರ್ಷ ಕಾವಲುಗಾರನಾಗಿದ್ದ. ಆ ಕೋಣೆಯಲ್ಲಿ ಎಸಿ ಇತ್ತು. ಎಸಿಯ ಕೆಳಗೆ ಸ್ಟೂಲ್ ಇತ್ತು. ಸ್ಟೂಲಿನ ಮೇಲೆ ಅವನಿದ್ದ. ಕಾವಲುಗಾರರು ಬೇಡವೆಂದು ಮೇಲಿನವರು ತೀರ್ಮಾನಿಸಿದ ದಿನ ಅವನೂ ಸ್ಟೂಲೂ ಹೊರಗೆ ಬಂದರು.

ಕೆಲಸಕ್ಕೆ ಸೇರಿದ ವಾರದೊಳಗೆ ಅಚ್ಚುತ ಎಸಿಯ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದ. ಮೆಷಿನಿನ ಮುಖ ಮೂಡು ದಿಕ್ಕಿಗಿದೆಯಲ್ಲ, ಅದು ಕುಮಾರಪರ್ವತದ ಕಡೆಯ ತಣ್ಣನೆ ಗಾಳಿಯನ್ನು ಎಳೆದು ತರುತ್ತದೆ ಎನ್ನುವುದು ಅದರ ಮೊದಲ ಪಾಠ. ತಾರಸಿಗೆ ಹೋದ ಯಾರೋ, "ಅಲ್ಲ ಅಚ್ಚುತಣ್ಣ, ಮೆಷಿನಿನಿಂದ ಬಿಸಿ ಗಾಳಿ ಬರ್ತಾ ಉಂಟಲ್ಲ?" ಎಂದು ಕೇಳಿದರೆ, "ಅದು ನಮ್ಮ ಪುತ್ತೂರಿನ ಸೆಖೆ ಮಾರಾಯ್ರೆ, ಹೊರಗೆ ದೂಡ್ತಾ ಉಂಟು" ಎನ್ನುತ್ತಿದ್ದ. ಇದೊಂದು ಮಾತ್ರ ನಿಜವೇ ಆಗಿತ್ತು. ನಿಜವೆಂದು ಅವನಿಗೂ ಗೊತ್ತಿರಲಿಲ್ಲ.

ಮೊದಲ ಮದುವೆಯ ದಿನ ನಾನು ಊಟಕ್ಕೆಂದು ಮೇಲೆ ಹೋಗಿದ್ದೆ. ನೆಟ್ಟಣದಿಂದ ಬಂದಿದ್ದ ನಿವೃತ್ತ ರೈಲ್ವೆ ಅಧಿಕಾರಿಯೊಬ್ಬರು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅಚ್ಚುತನ ಮೇಲೆ ಬಿದ್ದರು.

"ಎಂತ ಮಾರಾಯ್ರೆ ಇದು, ಇಪ್ಪತ್ತನಾಲ್ಕರಲ್ಲಿ ಇಟ್ಟಿದ್ದೀರಿ! ಹದಿನಾರಕ್ಕೆ ತನ್ನಿ. ಹದಿನಾರಕ್ಕೆ ಇಟ್ರೆ ಬೇಗ ತಂಪಾಗುದು."

ಅಚ್ಚುತ ಪೆಟ್ಟಿಗೆಯ ಮುಂದೆ ನಿಂತು, ಬಲಗೈಯನ್ನು ಪ್ಯಾಂಟಿಗೆ ಒರೆಸಿ, ಉಸಿರು ಬಿಗಿಹಿಡಿದು ಕೆಳಗಿನ ಗುಂಡಿಯನ್ನು ಎಂಟು ಸಲ ಒತ್ತಿದ. ರೈಲ್ವೆಯವರು ಕಣ್ಣು ಮುಚ್ಚಿದರು. ಒಂದು ನಿಮಿಷ ಬಿಟ್ಟು, "ಹಾಂ, ಬಂತು ಬಂತು, ಈಗ ಜೀವ ಬಂತು" ಎಂದರು. ಆಗ ಮಂಡೆಕೋಲಿನ ಒಬ್ಬ ಅಜ್ಜಿ ಸೆರಗನ್ನು ತಲೆಯವರೆಗೆ ಹೊದ್ದು ಎದ್ದು ಬಂದರು. "ಮಗಾ, ನನಗೆ ಮೂಳೆ ನೋವು. ಸ್ವಲ್ಪ ಕಮ್ಮಿ ಮಾಡು." ಅಚ್ಚುತ ಮೇಲಿನ ಗುಂಡಿಯನ್ನು ಎಂಟು ಸಲ ಒತ್ತಿದ. ಅಜ್ಜಿ ಸೆರಗು ಇಳಿಸಿದರು. "ಈಗ ಬೆಚ್ಚಗಾಯ್ತು. ನಿನ್ನ ಕೈಗುಣ ಒಳ್ಳೆದುಂಟು" ಎಂದು ಹರಸಿದರು. ಆ ಇಬ್ಬರ ನಡುವೆ ಇದ್ದದ್ದು ಎರಡು ಕುರ್ಚಿ. ಒಂದೇ ಗಾಳಿಯಲ್ಲಿ ಅವರಿಗೆ ತಂಪು, ಇವರಿಗೆ ಬಿಸಿ. ಹಸಿರು ಅಂಕೆ ಮೊದಲಿನಿಂದ ಕೊನೆಯವರೆಗೆ ಇಪ್ಪತ್ತನಾಲ್ಕೇ ಇತ್ತು.

ತಿಂಗಳಿಗೊಮ್ಮೆ ಮೆಷಿನ್ ನೋಡಲು ಬರುವ ಮುಸ್ತಫಾನನ್ನು ನಾನು ಇದರ ಬಗ್ಗೆ ಕೇಳಿದೆ. ಅವನು ಫ್ರಿಜ್ಜು, ಎಸಿಗಳ ಒಳಗೇ ಬೆಳೆದವನು. ಮೆಷಿನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ.

"ಆ ಗುಂಡಿಗಳಿಗೆ ವಯರೇ ಇಲ್ಲ ಸೀನಣ್ಣ" ಎಂದ ಮುಸ್ತಫಾ. "ಕಂಪೆನಿಯವರು ಇಪ್ಪತ್ತನಾಲ್ಕಕ್ಕೆ ಇಟ್ಟು ಮೇಲಿನಿಂದ ಲಾಕ್ ಮಾಡಿದ್ದಾರೆ. ದೊಡ್ಡ ಕಟ್ಟಡಗಳಲ್ಲಿ ಹಾಗೆಯೇ ಮಾಡುದು. ಇಲ್ಲದಿದ್ರೆ ಬಂದವರೆಲ್ಲ ಒತ್ತಿ ಒತ್ತಿ ಮೆಷಿನನ್ನು ಹುಚ್ಚು ಹಿಡಿಸ್ತಾರೆ."

"ಮತ್ತೆ ಹದಿನಾರಕ್ಕೆ ಇಟ್ರೆ ಬೇಗ ತಂಪಾಗುದು ಅಂತ ಹೇಳ್ತಾರಲ್ಲ?"

"ಬಸ್ಸಿಗೆ ಇಲ್ಲೇ ಹತ್ತಿರದ ಕಬಕ ಅಂತ ಬೋರ್ಡ್ ಹಾಕಿದ್ರೂ ದೂರದ ಮಂಗಳೂರು ಅಂತ ಹಾಕಿದ್ರೂ ಅದು ಓಡುದು ಒಂದೇ ಸ್ಪೀಡಲ್ಲಿ. ನಿಲ್ಲುವ ಜಾಗ ಮಾತ್ರ ಬೇರೆ."

ನಾನು ಇದನ್ನು ಅಚ್ಚುತನಿಗೆ ಹೇಳಿದೆ. ಅವನು ಬೇಸರಪಡಲಿಲ್ಲ, ನನ್ನನ್ನು ಕನಿಕರದಿಂದ ನೋಡಿದ. "ಮುಸ್ತಫಾನಿಗೆ ಮೆಷಿನ್ ಗೊತ್ತುಂಟು ಸೀನಣ್ಣ. ಆದ್ರೆ ಪೆಟ್ಟಿಗೆಯ ಹತ್ತಿರ ದಿನಾ ನಿಲ್ಲುದು ನಾನಲ್ವಾ?" ಎಂದ.

ಹೀಗೆ ಇದ್ದಾಗ ನವರಾತ್ರಿ ಬಂತು. ಆಯುಧ ಪೂಜೆಯ ದಿನ ನಮ್ಮಲ್ಲಿ ಜೆರಾಕ್ಸ್ ಮೆಷಿನಿಗೂ ಹೂ ಬೀಳುತ್ತದೆ, ಸ್ಟೇಪ್ಲರಿಗೂ ಕುಂಕುಮ ಬೀಳುತ್ತದೆ. ಎಸಿಗೆ ಪೂಜೆ ಆಗಬೇಡವೇ? ತಾರಸಿಯ ಬೀಗದ ಕೈ ಆ ದಿನ ಕಂಪೆನಿಯವರ ಹತ್ತಿರ ಉಳಿದುಹೋಗಿತ್ತು. "ಅದಕ್ಕೇನು, ಪೆಟ್ಟಿಗೆ ಉಂಟಲ್ಲ" ಎಂದಳು ಅಚ್ಚುತನ ಹೆಂಡತಿ ದುಗ್ಗಮ್ಮ. ಅವಳು ತೀರ್ಮಾನಗಳನ್ನು ಬೇಗ ಮಾಡುತ್ತಾಳೆ, ಒಮ್ಮೆ ಮಾಡಿದ ಮೇಲೆ ಹಿಂದೆ ತೆಗೆದುಕೊಳ್ಳುವುದಿಲ್ಲ. ಪೆಟ್ಟಿಗೆಗೆ ಮಲ್ಲಿಗೆ ಮಾಲೆ ಬಿತ್ತು. ಅದರ ಕೆಳಗೆ ಸ್ಟೂಲ್ ಇಟ್ಟು, ಸ್ಟೂಲಿನ ಮೇಲೆ ಬಾಳೆಲೆ ಹಾಸಿ, ಅವಲಕ್ಕಿ, ತೆಂಗಿನಕಾಯಿ, ಎಲ್ಲದರ ಮುಂದೆ ಒಂದು ಹಿತ್ತಾಳೆ ದೀಪ. ದೀಪದ ಕುಡಿಗೂ ಪೆಟ್ಟಿಗೆಗೂ ಒಂದು ಗೇಣು ಅಂತರ.

ಕೆಳಗಿನ ಅಂಗಡಿಯವರೆಲ್ಲ ಕೈಮುಗಿದು ನಿಂತಿದ್ದೆವು. ಆಗ ಧನಿಗಳು, "ಅದೆಂತ ಅಚ್ಚುತ? ಅಂಕೆ ನೋಡು" ಎಂದರು.

ಅಂಕೆ ಏರುತ್ತಿತ್ತು. ಇಪ್ಪತ್ತೇಳು, ಮೂವತ್ತು, ಮೂವತ್ತೈದು. ಅದೇ ಹೊತ್ತಿಗೆ ಮೇಲೆ ಮೆಷಿನ್ ಗುಡುಗತೊಡಗಿತು. ಸೀಲಿಂಗಿನ ಕಿಂಡಿಗಳಿಂದ ಗಾಳಿ ಭರ್ ಎಂದು ಸುರಿಯಿತು. ಪೂಜೆ ಮುಗಿದು ಅವಲಕ್ಕಿ ಹಂಚುವ ಹೊತ್ತಿಗೆ ನನ್ನ ಹಲ್ಲು ಹಲ್ಲಿಗೆ ತಾಗುತ್ತಿತ್ತು. ಪಕ್ಕದ ಟೈಲರ್ ಅಂಗಡಿಯ ಸಫಿಯಮ್ಮ ಚಳಿ ನೋಡಲೆಂದೇ ಬಂದವರು ಕೈಯಲ್ಲಿದ್ದ ಹೊಲಿಗೆ ಬಟ್ಟೆಯನ್ನೇ ಹೊದ್ದುಕೊಂಡರು. "ಎಂಥ ಶಕ್ತಿ! ಎಂಥ ಶಕ್ತಿ!" ಎಂದು ಎಲ್ಲರೂ ಪಿಸುಗುಟ್ಟುತ್ತಿದ್ದರು. ಅಂಕೆ ಇಳಿದರೆ ಚಳಿ ಎಂದು ಅಲ್ಲಿಯವರೆಗೆ ಹೇಳುತ್ತಿದ್ದವರೇ ಅಂಕೆ ಏರಿದರೆ ಚಳಿ ಎಂದು ಆ ಕ್ಷಣದಲ್ಲಿ ಒಪ್ಪಿಕೊಂಡರು. ಒಬ್ಬರಾದರೂ ಹಳೆಯ ಮಾತನ್ನು ನೆನಪು ಮಾಡಿಕೊಳ್ಳಲಿಲ್ಲ.

ಚಳಿ ತಡೆಯದಾದಾಗ ದುಗ್ಗಮ್ಮ ಮುಂದೆ ಬಂದಳು. "ಮೆಷಿನಿಗೆ ದೃಷ್ಟಿ ತಾಗಿದೆ. ತೀರ್ಥ ಹಾಕ್ಬೇಕು." ಮಾವಿನ ಎಲೆಯನ್ನು ನೀರಿಗೆ ಅದ್ದಿ ಪೆಟ್ಟಿಗೆಗೆ ಮೂರು ಸಲ ಪ್ರೋಕ್ಷಣೆ ಮಾಡಿದಳು. ಅಂಕೆ ಕುಸಿಯಿತು. ಮೂವತ್ತು, ಇಪ್ಪತ್ತೈದು, ಇಪ್ಪತ್ತೆರಡು. ಮೇಲೆ ಮೆಷಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ನಾನು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಎಪ್ಪತ್ತೊಂದು ತೆಗೆದವನು. ಆದರೂ ಆ ಹೊತ್ತಿಗೆ ನನ್ನ ಕೈ ತಾನಾಗಿಯೇ ಮುಗಿಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮುಂದಿನ ವಾರ ಮುಸ್ತಫಾ ಬಂದು ಕಾರಣ ಹೇಳಿದ. "ಆ ಪೆಟ್ಟಿಗೆಗೆ ಹಾಲ್ ಕಾಣುದಿಲ್ಲ ಸೀನಣ್ಣ. ಅದಕ್ಕೆ ಗೊತ್ತಿರುದು, ಅಂಕೆಯಲ್ಲಿ ತೋರಿಸುದು, ಅದರ ಮೂಗಿನ ಹತ್ತಿರದ ಬಿಸಿ ಮಾತ್ರ. ಕೆಳಗೆ ದೀಪ ಇಟ್ರೆ ಇಡೀ ಹಾಲ್ ಕಾದಿದೆ ಅಂತ ತಿಳ್ಕೊಂಡು ಮೆಷಿನನ್ನು ಓಡಿಸ್ತದೆ. ನೀರು ಬಿದ್ರೆ ಸಾಕಷ್ಟು ತಂಪಾಗಿದೆ ಅಂತ ನಿಲ್ಲಿಸ್ತದೆ. ಇದರಲ್ಲಿ ಎಂತ ಪವಾಡವೂ ಇಲ್ಲ."

ಅವನು ಇದನ್ನೇ ಧನಿಗಳಿಗೂ ಹೇಳಿದ. ಧನಿಗಳು ಸುತ್ತ ನೋಡಿ ದನಿ ತಗ್ಗಿಸಿದರು. "ಇರಲಿ ಮುಸ್ತಫಾ. ನೀನು ಇದನ್ನು ಯಾರಿಗೂ ಹೇಳ್ಬೇಡ. ಕಡಬದಿಂದ ನಿನ್ನೆ ಒಂದೇ ದಿನ ಮೂರು ಮದುವೆಯವರು ಕೇಳಿಕೊಂಡು ಬಂದಿದ್ದಾರೆ." ನಾನಂತೂ ನಾಲ್ಕೈದು ಜನರಿಗೆ ಹೇಳಿಯೇಬಿಟ್ಟೆ. ಯಾರೂ ನಂಬಲಿಲ್ಲ. ನನ್ನ ಅಂಗಡಿಗೆ ಬರುತ್ತಿದ್ದ ಒಬ್ಬರು ಮರುದಿನದಿಂದ ಬೇರೆ ಕಡೆ ಜೆರಾಕ್ಸ್ ಮಾಡಿಸತೊಡಗಿದರು.

ಅಂದಿನಿಂದ ಹೇಮಂತ ಸಭಾಭವನದಲ್ಲಿ ಹೊಸ ಕ್ರಮ ಶುರುವಾಯಿತು. ಸಾಧಾರಣ ತಂಪಿಗೆ ಒಂದು ಬತ್ತಿ. ದಿಬ್ಬಣ ದೊಡ್ಡದಿದ್ದರೆ ಎರಡು. ಊಟದ ಹೊತ್ತಿಗೆ ಮೂರು. ಹೆಚ್ಚಾಯಿತೆಂದರೆ ತೀರ್ಥ. ಅಚ್ಚುತ ಪ್ಯಾಂಟ್ ಬಿಟ್ಟು ಕಚ್ಚೆಪಂಚೆ ಉಡತೊಡಗಿದ. ಕಾರ್ಯಕ್ರಮ ಇರುವ ದಿನ ಮೀನು ತಿನ್ನುವುದನ್ನು ಬಿಟ್ಟ. ಹಾದಿಯಲ್ಲಿ ಸಿಕ್ಕವರು ಅವನಿಗೆ ದಾರಿ ಬಿಡುತ್ತಿದ್ದರು. ಒಬ್ಬರು ತಮ್ಮ ಮನೆಯ ಹಾಳಾದ ಕೂಲರನ್ನು ಆಟೋದಲ್ಲಿ ತಂದು, "ಅಚ್ಚುತಣ್ಣ, ಒಮ್ಮೆ ಕೈ ಮುಟ್ಟಿಸಿ ಕೊಡಿ, ಸಾಕು" ಎಂದು ಬೇಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನು ಮುಟ್ಟಿದ. ಕೂಲರ್ ತಿರುಗಿತು. ಪ್ಲಗ್ ಸಡಿಲವಾಗಿತ್ತು ಎಂದು ಮುಸ್ತಫಾ ಹೇಳಿದ, ಕೇಳುವವರು ಇರಲಿಲ್ಲ.

ಈ ಕೀರ್ತಿಯ ಬೆನ್ನಿಗೇ ಅಚ್ಚುತನ ಮಗಳು ಯಶಸ್ವಿಗೆ ರಾಮಕುಂಜದ ಕಡೆಯಿಂದ ಸಂಬಂಧ ಬಂತು. ಹುಡುಗ ಭವಿತ್, ಒಳ್ಳೆಯವನು, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಅವನ ಸೋದರಮಾವ ಮಹಾಬಲ ಗೌಡರದು. ಮದುವೆ ಮೇ ತಿಂಗಳಲ್ಲಿ ಎಂದು ನಿಶ್ಚಯವಾಯಿತು. ಅಚ್ಚುತ ಧನಿಗಳ ಮುಂದೆ ತಲೆ ಕೆರೆದುಕೊಂಡು ನಿಂತ. ಅವನಿಂದಾಗಿ ಹಾಲ್ ಒಂದು ದಿನವೂ ಖಾಲಿ ಇರದ ಆ ಸಂತೋಷದಲ್ಲಿ ಧನಿಗಳು, "ನಿನ್ನ ಮಗಳ ಮದುವೆ ಇಲ್ಲಿಯೇ ಆಗ್ಲಿ ಮಾರಾಯ" ಎಂದುಬಿಟ್ಟರು.

ಮದುವೆ ಕಾಗದ ಮಾಡಿಸಲು ದುಗ್ಗಮ್ಮ ನನ್ನ ಅಂಗಡಿಗೆ ಬಂದಳು. "ಹವಾನಿಯಂತ್ರಿತ ಅಂತ ಸ್ವಲ್ಪ ದೊಡ್ಡದಾಗಿ ಹಾಕಿ ಸೀನಣ್ಣ."

"ಮದುಮಗನ ಹೆಸರಿಗಿಂತ ದೊಡ್ಡದಾಗ್ತದೆ ದುಗ್ಗಮ್ಮಕ್ಕ."

"ಆಗ್ಲಿ. ಮದುಮಗ ಎಲ್ಲರ ಮನೆಯಲ್ಲೂ ಇರ್ತಾನೆ."

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಮದುವೆಗೆ ಹತ್ತು ದಿನ ಇರುವಾಗ, ಅಲ್ಲಿಯವರೆಗೆ ಫೋನಿನಲ್ಲೇ ಮಾತು ಮುಗಿಸಿದ್ದ ಮಹಾಬಲ ಗೌಡರು ಹಾಲ್ ನೋಡಲು ಬಂದರು. ಧನಿಗಳೇ ಮುಂದೆ ನಿಂತು ಎಲ್ಲವನ್ನೂ ತೋರಿಸಿದರು. ಗೌಡರ ಕಣ್ಣು ಮಾತ್ರ ಅಚ್ಚುತನ ಮುಖದ ಮೇಲೆ ನೆಟ್ಟಿತ್ತು.

"ಭಾವ, ನಿಮ್ಮನ್ನು ನಾನು ಮೊದಲೇ ಎಲ್ಲಿಯೋ ನೋಡಿದ್ದೇನೆ" ಎಂದರು ಗೌಡರು. "ಹಾಂ! ಸುಳ್ಯದ ಎಟಿಎಂನಲ್ಲಿ! ನನ್ನ ಕಾರ್ಡ್ ಸಿಕ್ಕಿಬಿದ್ದಾಗ ಗುಡಿಸುವ ಹಿಡಿಸೂಡಿಯ ಕಡ್ಡಿ ಹಾಕಿ ತೆಗೀಲಿಕ್ಕೆ ನೋಡಿದ್ದು ನೀವೇ ಅಲ್ವಾ? ವಾಚ್‌ಮನ್ ಆಗಿದ್ರಿ."

ಅಚ್ಚುತನ ಬೆನ್ನು ಇನ್ನೂ ಸ್ವಲ್ಪ ಬಗ್ಗಿತು. ಧನಿಗಳು ಅವನ ಕಡೆ ನಿಧಾನಕ್ಕೆ ತಿರುಗಿದರು.

ಗೌಡರಿಗೆ ಇದರಿಂದ ಸ್ವಲ್ಪವೂ ಬೇಸರ ಆಗಲಿಲ್ಲ. ಭಕ್ತಿ ಹೆಚ್ಚಾಯಿತು. "ಈಗ ಅರ್ಥ ಆಯ್ತು ನೋಡಿ! ಆ ಕೋಣೆಗೆ ಹೋದ್ರೆ ಎಂಥ ತಂಪು ಅಂತೀರಿ! ಇವರು ಹೋದ ಮೇಲೆ ಅಲ್ಲಿ ಎಸಿ ಇದ್ದೂ ಸೆಖೆ. ಅದು ಇವರದ್ದೇ ಗುಣ" ಎನ್ನುತ್ತ ಅಚ್ಚುತನ ಎರಡೂ ಕೈ ಹಿಡಿದುಕೊಂಡರು.

ಅವರು ಹೋದ ಮೇಲೆ ಧನಿಗಳು ಬಾಗಿಲು ಹಾಕಿದರು. ನಾನು ಮದುವೆ ಕಾಗದದ ಕಟ್ಟು ಹಿಡಿದುಕೊಂಡು ಬಾಗಿಲ ಹೊರಗೇ ನಿಂತಿದ್ದೆ, ಕದ್ದು ಕೇಳಬೇಕೆಂದಲ್ಲ, ಕಟ್ಟು ಭಾರವಿತ್ತು.

"ಹನ್ನೆರಡು ವರ್ಷದ ಅನುಭವ!" ಎಂದರು ಧನಿಗಳು. "ಸ್ಟೂಲಿನಲ್ಲಿ ಕೂತ ಅನುಭವ! ನನ್ನ ಮೆಷಿನನ್ನು ಒಬ್ಬ ವಾಚ್‌ಮನ್ನನ ಕೈಗೆ ಕೊಟ್ಟೆನಲ್ಲ!"

"ಧನಿಗಳೇ, ನಾನು ಎಸಿಯಲ್ಲಿ ಇದ್ದೆ ಅಂತ ಮಾತ್ರ ಹೇಳಿದ್ದು."

"ಮಾತಾಡ್ಬೇಡ. ಮದುವೆಗೆ ಮಾತು ಕೊಟ್ಟಾಗಿದೆ, ಆ ಮಾತು ಇರ್ಲಿ. ಆದ್ರೆ ಆ ದಿನ ನಾನು ಮುಂದಿನ ಸಾಲಿನಲ್ಲಿ ಕೂತಿರ್ತೇನೆ. ಒಬ್ಬನೇ ಒಬ್ಬ ಸೆಖೆ ಅಂತ ಹೇಳಿದ್ರೂ ಮರುದಿನದಿಂದ ನಿನಗೆ ಕೆಲಸ ಇಲ್ಲ. ಬೀಗರ ಎದುರೇ ಹೇಳ್ತೇನೆ, ನೆನಪಿಟ್ಟುಕೋ."

ಅಚ್ಚುತ ಹೊರಗೆ ಬಂದಾಗ ನನಗೆ ನಿಜವಾಗಿಯೂ ಸಂಕಟವಾಯಿತು. ನಾನು ಅವನನ್ನು ಬಹಳ ತಮಾಷೆ ಮಾಡಿದವನು. ಆದರೆ ಐವತ್ತನಾಲ್ಕು ವರ್ಷದ ಮನುಷ್ಯ, ಮಗಳ ಮದುವೆಯ ದಿನ, ಹೊಸ ಬೀಗರ ಮುಂದೆ ಕೆಲಸ ಕಳೆದುಕೊಳ್ಳುವುದೆಂದರೆ ಅದು ತಮಾಷೆಯಲ್ಲ. "ಆರುನೂರು ಜನ, ಮೇ ತಿಂಗಳು. ಒಬ್ಬನಾದ್ರೂ ಸೆಖೆ ಅನ್ನದೆ ಇರ್ತಾನಾ ಸೀನಣ್ಣ?" ಎಂದು ಅವನು ಕೇಳಿದ. ಸೆಖೆ ಎನ್ನದೆ ನಮ್ಮೂರಿನ ಜನ ಮೇ ತಿಂಗಳಲ್ಲಿ ಮಾತನ್ನೇ ಶುರು ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮದುವೆಯ ದಿನ ಬೆಳಿಗ್ಗೆ ಆರು ಗಂಟೆಗೆ ಅಚ್ಚುತ ಪೆಟ್ಟಿಗೆಯ ಕೆಳಗೆ ಒಂಬತ್ತು ಬತ್ತಿ ಹಚ್ಚಿದ. ಐದು ಬತ್ತಿಯ ಕಾಲುದೀಪ ಒಂದು, ಅದರ ಸುತ್ತ ನಾಲ್ಕು ಹಣತೆ. ಮೂರರ ಮೇಲೆ ಅವನು ಎಂದೂ ಹೋದವನಲ್ಲ. ಅಂಕೆ ನಲವತ್ತೇಳಕ್ಕೆ ಹೋಗಿ ನಿಂತಿತು. ಮೇಲೆ ಮೆಷಿನ್ ಒಂದು ನಿಮಿಷವೂ ಬಿಡದೆ ಗುಡುಗತೊಡಗಿತು.

ಎಂಟು ಗಂಟೆಗೆ ಮದುಮಗಳ ಕೋಣೆಯಿಂದ ಒಂದು ಕೂಗು ಕೇಳಿತು. "ಎಣ್ಣೆ ಗಟ್ಟಿಯಾಗಿದೆ!" ತಲೆಗೆ ಹಚ್ಚಲು ಇಟ್ಟಿದ್ದ ತೆಂಗಿನೆಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಕುಳಿತಿತ್ತು. ನಮ್ಮೂರಿನಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವುದು ಡಿಸೆಂಬರಿನಲ್ಲಿ, ಅದೂ ಕೆಲವು ವರ್ಷ ಮಾತ್ರ. ಹೆಂಗಸರು ಆ ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದು ಕೋಣೆಯಿಂದ ಕೋಣೆಗೆ ಒಯ್ದು ತೋರಿಸಿದರು. ಒಂದು ತೊಟ್ಟೂ ಬೀಳಲಿಲ್ಲ. ಅದನ್ನು ಯಾರೋ ಫೋಟೋ ತೆಗೆದು ವಾಟ್ಸಪ್ಪಿಗೆ ಹಾಕಿದರು. ದಿಬ್ಬಣದ ಬಸ್ಸು ಇನ್ನೂ ಉಪ್ಪಿನಂಗಡಿ ದಾಟಿರಲಿಲ್ಲ, ಬಸ್ಸಿನ ಒಳಗಿದ್ದವರಿಗೆಲ್ಲ ವಿಷಯ ಗೊತ್ತಾಗಿ, ಶಾಲು ತರಲಿಲ್ಲವಲ್ಲ ಎಂದು ಅಲ್ಲಿಯೇ ಪೇಚಾಟ ಶುರುವಾಗಿತ್ತಂತೆ.

ಹತ್ತೂವರೆಗೆ ಹಾಲ್ ತುಂಬಿತು. ಒಳಗೆ ಕಾಲಿಟ್ಟವರೆಲ್ಲ "ಅಬ್ಬಾ!" ಎಂದು ಒಮ್ಮೆ ನಿಂತು, ಪೆಟ್ಟಿಗೆಯ ಕಡೆ ನೋಡಿ, ಒಂಬತ್ತು ಬತ್ತಿಯನ್ನು ಎಣಿಸಿ, ಕೈಮುಗಿದು ಆಮೇಲೆ ಕುರ್ಚಿ ಹುಡುಕುತ್ತಿದ್ದರು. ಗಂಡಸರು ಟವೆಲನ್ನು ಕಿವಿಗೆ ಸುತ್ತಿಕೊಂಡರು. ಹೆಂಗಸರು ರೇಷ್ಮೆ ಸೀರೆಯ ಸೆರಗನ್ನು ಎರಡು ಸುತ್ತು ಹೊದ್ದರು. ಮುಂದಿನ ಸಾಲಿನಲ್ಲಿ ಧನಿಗಳು ಕೈಕಟ್ಟಿ ಕುಳಿತು, ಯಾರಾದರೂ ಸೆಖೆ ಎನ್ನುತ್ತಾರೋ ಎಂದು ಹಿಂದೆ ಮುಂದೆ ನೋಡುತ್ತಿದ್ದರು. ಧಾರೆಯ ಮುಹೂರ್ತ ಹನ್ನೊಂದೂ ನಲವತ್ತಕ್ಕೆ. ಅಚ್ಚುತ ಮಂಟಪದಲ್ಲಿದ್ದ. ಅವನ ಒಂದು ಕಣ್ಣು ಪುರೋಹಿತರ ಮೇಲೆ, ಇನ್ನೊಂದು ಧನಿಗಳ ಮೇಲೆ.

ಹನ್ನೊಂದೂ ಇಪ್ಪತ್ತಕ್ಕೆ ಮುಸ್ತಫಾ ನನ್ನ ಪಕ್ಕಕ್ಕೆ ಬಂದು ಕುಳಿತ. ಅವನಿಗೂ ಮದುವೆಗೆ ಕರೆಯಿತ್ತು. ಬಂದವನು ಅಭ್ಯಾಸ ಬಲದಿಂದ ಮೊದಲು ತಾರಸಿಗೆ ಹೋಗಿದ್ದ.

"ಸೀನಣ್ಣ, ಮೆಷಿನ್ ನಿಂತಿದೆ."

"ಎಂತ?"

"ನಿಂತು ಒಂದು ಗಂಟೆ ಆಗಿದೆ. ಬೆಳಿಗ್ಗೆಯಿಂದ ಒಂದೇ ಸಮ ಓಡಿಸಿದ್ರೆ ಎಂತ ಆಗ್ತದೆ? ತಾನೇ ಕಾದು ಹೋಗಿ ಆಫ್ ಆಗಿದೆ. ಅದು ತಣಿಬೇಕಾದ್ರೆ ಇನ್ನು ಎರಡು ಗಂಟೆ ಬೇಕು. ವಾಲಗದ ಸದ್ದಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ."

ನಾನು ಸೀಲಿಂಗಿನ ಕಿಂಡಿ ನೋಡಿದೆ. ಅಲ್ಲಿ ಕಟ್ಟಿದ್ದ ರಿಬ್ಬನ್ ಚೂರು ಅಲ್ಲಾಡದೆ ಜೋತಿತ್ತು. ಆರುನೂರು ಜನ, ಮುಚ್ಚಿದ ಕಿಟಕಿಗಳು, ಒಂಬತ್ತು ಬತ್ತಿ, ಹೊರಗೆ ಮೇ ತಿಂಗಳು, ಎಸಿ ಉಂಟೆಂದು ಫ್ಯಾನೂ ಆಫ್. ಆಗ ನನ್ನ ಬೆನ್ನಿನಲ್ಲಿ ಬೆವರು ಇಳಿಯುತ್ತಿರುವುದು ನನಗೆ ಗೊತ್ತಾಯಿತು. ಸುತ್ತ ನೋಡಿದೆ. ಎಲ್ಲರ ಮುಖದಲ್ಲೂ ಬೆವರು ಧಾರಾಕಾರ. ಎಲ್ಲರ ಮೈಮೇಲೂ ಶಾಲು. ಒಬ್ಬರು ಕನ್ನಡಕದ ಒದ್ದೆ ಒರೆಸುತ್ತ, "ಮಂಜು ಬೀಳ್ತಾ ಉಂಟು" ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ನಾನು ಬೇಡವೆಂದು ಅಂಗಿ ಎಳೆಯುತ್ತಿದ್ದಂತೆಯೇ ಮುಸ್ತಫಾ ಎದ್ದು ಹೋಗಿ ಧನಿಗಳ ಕಿವಿಯಲ್ಲಿ ವಿಷಯ ಹೇಳಿದ. ಅವನದ್ದು ತಪ್ಪಲ್ಲ, ಮೆಷಿನ್ ನಿಂತರೆ ಹೇಳುವುದು ಅವನ ಕೆಲಸ. ಧನಿಗಳ ಮುಖ ಕೆಂಪಾಯಿತು. ಎದ್ದು ನಿಂತರು. ಸಾಕ್ಷಿ ಬೇಕಲ್ಲ, ಪಕ್ಕದಲ್ಲಿದ್ದ ಮಹಾಬಲ ಗೌಡರನ್ನೇ ಕೇಳಿದರು.

"ಎಂತ ಗೌಡ್ರೆ, ಸೆಖೆ ಆಗ್ತದಾ?"

"ಸೆಖೆಯಾ!" ಗೌಡರ ಹುಬ್ಬಿನಿಂದ ಬೆವರಿನ ಹನಿ ಧನಿಗಳ ಕೈಮೇಲೆ ಬಿತ್ತು. "ಎಂತ ಹೇಳ್ತೀರಿ ಮಾರಾಯ್ರೆ! ಕೈಕಾಲು ಮರಗಟ್ಟಿ ಹೋಗಿದೆ. ನಾನೇ ನಿಮ್ಮಲ್ಲಿ ಹೇಳುವ ಅಂತ ಇದ್ದೆ, ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?"

ಧನಿಗಳು ಎರಡನೇ ಸಾಲಿಗೆ ಹೋದರು. ಅಲ್ಲಿ ಒಬ್ಬರು ಮುದುಕಿ ಮದುವೆ ಕಾಗದದಿಂದ ಜೋರಾಗಿ ಗಾಳಿ ಬೀಸಿಕೊಳ್ಳುತ್ತಿದ್ದರು. ಧನಿಗಳ ಕಣ್ಣು ಮಿನುಗಿತು.

"ಅಜ್ಜಿ, ಬೀಸಿಕೊಳ್ಳುದು ಯಾಕೆ?"

"ಈ ಚಳಿಗೆ ನನಗೆ ಜ್ವರ ಬಂದಿರ್ಬೇಕು ಮಗಾ. ಮೈಯೆಲ್ಲ ಬಿಸಿ."

ಮೂರನೇ ಸಾಲು, ನಾಲ್ಕನೇ ಸಾಲು. ಧನಿಗಳು ಪ್ರತಿಯೊಬ್ಬರ ಮುಂದೆ ಬಗ್ಗಿ ಕೇಳುತ್ತ ಹೋದರು. ಒಬ್ಬನ ಬಾಯಿಯಿಂದಲೂ ಆ ಶಬ್ದ ಹೊರಡಲಿಲ್ಲ. ಆರುನೂರು ಜನ ಮೇ ತಿಂಗಳಲ್ಲಿ ಸೆಖೆ ಎನ್ನದೆ ಒಂದು ಗಂಟೆ ಕುಳಿತದ್ದನ್ನು ನಾನು ಅದಕ್ಕೆ ಮೊದಲು ಕಂಡಿಲ್ಲ, ಇನ್ನು ಕಾಣುವುದೂ ಇಲ್ಲ. ಧನಿಗಳು ನಡೆಯುತ್ತ ನಡೆಯುತ್ತ ನಿಧಾನವಾದರು. ಕೊನೆಯ ಸಾಲಿನಿಂದ ತಿರುಗಿ ಬರುವಾಗ ಅವರು ತಮ್ಮ ಶಾಲನ್ನು ಬಿಡಿಸಿ ಹೆಗಲು ಮುಚ್ಚುವ ಹಾಗೆ ಹೊದ್ದುಕೊಂಡಿದ್ದರು.

ಅಷ್ಟರಲ್ಲಿ ಮಂಟಪದಲ್ಲಿ ಧಾರೆಗೆ ಕೈ ಹಿಡಿಸಿದ್ದರು. ಮಗಳ ಕೈ ಕೆಳಗೆ ಅಚ್ಚುತನ ಕೈ, ಎರಡೂ ಗಡಗಡ ನಡುಗುತ್ತಿದ್ದವು. "ಅಯ್ಯೋ, ಮದುಮಗಳು ಚಳಿಗೆ ನಡುಗ್ತಾ ಉಂಟು! ಯಾರಾದ್ರೂ ಕಮ್ಮಿ ಮಾಡಿ!" ಎಂದು ಹೆಂಗಸರ ಕಡೆಯಿಂದ ಕೂಗು ಎದ್ದಿತು. ಅಚ್ಚುತನಿಗೆ ಏಳುವ ಹಾಗಿಲ್ಲ. ಮುಹೂರ್ತದ ಹೊತ್ತಿಗೆ ಯಾರೂ ದೀಪ ಆರಿಸುವ ಹಾಗಿಲ್ಲ. ದುಗ್ಗಮ್ಮ ಗಂಡನ ಪಕ್ಕದಲ್ಲಿ ಬಿಂದಿಗೆ ಹಿಡಿದು ನಿಂತಿದ್ದಳು, ಅವಳೂ ಬಿಡುವ ಹಾಗಿಲ್ಲ.

ಧನಿಗಳು ವೇದಿಕೆಯ ಮೆಟ್ಟಿಲು ಹತ್ತಿದರು.

ಅಚ್ಚುತ ಅವರನ್ನು ನೋಡಿದ. ಬೀಗರ ಎದುರೇ ಹೇಳುತ್ತೇನೆ ಎಂದಿದ್ದರಲ್ಲ, ಬೀಗರೆಲ್ಲ ಎದುರೇ ಇದ್ದರು. ಅವನು ತುಟಿ ಅಲುಗಿಸಿದ್ದು ನನಗೆ ಕಂಡಿತು. "ಯಾರಾದ್ರೂ ಹೇಳಿದ್ರಾ ಧನಿಗಳೇ?"

ಧನಿಗಳು ಅವನನ್ನು ನೋಡಿದರು. ನಡುಗುವ ಆ ಎರಡು ಕೈಗಳನ್ನು ನೋಡಿದರು. ಶಾಲು ಹೊದ್ದು ಬೆವರುತ್ತಿದ್ದ ಸಭೆಯನ್ನು ಒಮ್ಮೆ ತಿರುಗಿ ನೋಡಿದರು. ಮೆಷಿನ್ ನಿಂತಿದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅವರು ಚಪ್ಪಲಿ ಕಳಚಿ, ಪುರೋಹಿತರ ಕಲಶದಿಂದ ಮಾವಿನ ಎಲೆ ಎತ್ತಿ, ಪೆಟ್ಟಿಗೆಯ ಮುಂದೆ ಹೋಗಿ ಬಗ್ಗಿ ನಿಂತರು. ಅಚ್ಚುತ ನಿಲ್ಲುತ್ತಿದ್ದ ಹಾಗೆಯೇ ಅರ್ಧ ಬಗ್ಗಿ.

ಮೂರು ಸಲ ತೀರ್ಥ ಪ್ರೋಕ್ಷಣೆ ಮಾಡಿದರು.

"ಯಾರೂ ಎಂತದ್ದೂ ಹೇಳಲಿಲ್ಲ ಅಚ್ಚುತ. ಚಳಿ ಸ್ವಲ್ಪ ಜಾಸ್ತಿ ಆಯ್ತು ಅಂತ ಮಾತ್ರ. ನೀನು ಧಾರೆ ಮುಗಿಸು, ಇದನ್ನು ನಾನು ನೋಡಿಕೊಳ್ತೇನೆ" ಎಂದರು.

ಅಂಕೆ ಇಳಿಯಿತು. ನಲವತ್ತು, ಮೂವತ್ತೆಂಟು, ಮೂವತ್ತೈದು. ಇಡೀ ಸಭೆ ಒಟ್ಟಿಗೆ ಉಸಿರು ಬಿಟ್ಟಿತು. ಶಾಲುಗಳು ಇಳಿದವು, ಟವೆಲುಗಳು ಕಿವಿಯಿಂದ ಹೆಗಲಿಗೆ ಬಂದವು, ಮಹಾಬಲ ಗೌಡರು ಅಂಗೈ ಉಜ್ಜುವುದನ್ನು ನಿಲ್ಲಿಸಿದರು. ಅಚ್ಚುತ ಮಗಳ ಕೈಯನ್ನು ಅಳಿಯನ ಕೈಗೆ ಕೊಟ್ಟ. ದುಗ್ಗಮ್ಮ ನೀರು ಬಿಟ್ಟಳು. ವಾಲಗ ಜೋರಾಯಿತು. ನನಗೆ ಅಳು ಬಂತು, ಯಾಕೆ ಎಂದು ಕೇಳಬೇಡಿ.

ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ನೋಡಿದೆ, ನನ್ನ ತೋಳಿನ ರೋಮಗಳೆಲ್ಲ ನೆಟ್ಟಗೆ ನಿಂತಿದ್ದವು. ನಾಚಿಕೆಯಾಗಿ ತೋಳು ಮುಚ್ಚಿಕೊಂಡು ಪಕ್ಕಕ್ಕೆ ತಿರುಗಿದೆ. ಮೆಷಿನ್ ಸತ್ತು ಬಿದ್ದದ್ದನ್ನು ತನ್ನ ಕಣ್ಣಿನಿಂದಲೇ ನೋಡಿ ಬಂದ ಮುಸ್ತಫಾ, ಯಾವಾಗ ಸುತ್ತಿಕೊಂಡಿದ್ದನೋ ಏನೋ, ಕುತ್ತಿಗೆಯ ಕರವಸ್ತ್ರವನ್ನು ಬಿಚ್ಚಿ ಮಡಚುತ್ತಿದ್ದ.

"ಈಗ ಹದಕ್ಕೆ ಬಂತು ಸೀನಣ್ಣ" ಎಂದ.